ನಮ್ಮ ಡೀಸೆಲ್ ಎಂಜಿನ್ನಿಗೆ ಒಂದು ಪುಟ್ಟ ಮಾದರಿ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಕೊಂಕಣ ರೈಲ್ವೆ 2022ರಲ್ಲಿ ಪೂರ್ತಿ ವಿದ್ಯುತ್ ಮಾರ್ಗವಾಯಿತು. ಈಗ ಮುಂಬಯಿಯಿಂದ ಊರಿಗೆ ಹೋಗುವ ಮತ್ಸ್ಯಗಂಧಕ್ಕೂ ಕರೆಂಟ್ ಎಂಜಿನ್ನೇ. ಒಳ್ಳೆಯದೇ ಆಯಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ 1998ರಿಂದ ನಮ್ಮನ್ನೂ ನಮ್ಮ ಟ್ರಂಕು, ಹಲಸಿನಹಣ್ಣುಗಳನ್ನೂ ಎಳೆದುಕೊಂಡು ಹೋದ ಆ ಡೀಸೆಲ್ ಎಂಜಿನ್‌ಗಳು ಒಂದೊಂದಾಗಿ ಗುಜರಿ ಸೇರುತ್ತಿವೆ. ಅದರ ನೆನಪಿಗೆ ಕಪಾಟಿನಲ್ಲಿಡಲು ಒಂದು ಪುಟ್ಟ ಮಾದರಿ ಕೊಡಿ ಎಂದು ಮುಂಬಯಿಯ ಅಂಗಡಿಗಳಲ್ಲಿ ಕೇಳಿದರೆ ಅಮೆರಿಕದ್ದೋ ಜರ್ಮನಿಯದ್ದೋ ಎಂಜಿನ್ ತೆಗೆದು ತೋರಿಸುತ್ತಾರೆ. ನಮ್ಮದು ಎಲ್ಲಿ ಎಂದರೆ ಸುಮ್ನೆ ತಲೆ ಅಲ್ಲಾಡಿಸುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ, ಹಾಗಾಗಿ ಬರೆಯುತ್ತಿದ್ದೇನೆ.

ಮಾದರಿ ಎಂದರೆ ಮಕ್ಕಳ ಆಟಿಕೆ ಅಂದುಕೊಳ್ಳಬೇಡಿ. ಈ ಪುಟ್ಟ ಎಂಜಿನ್‌ಗಳಿಗೆ ಅರವತ್ತು ವರ್ಷಕ್ಕೂ ಜಾಸ್ತಿ ಚರಿತ್ರೆ ಇದೆ. ಬ್ರಿಟನ್ನಿನ ಆಟಿಕೆ ಕಂಪನಿ ಲೋನ್ ಸ್ಟಾರ್ 1957ರಲ್ಲಿ ಕೈಯಿಂದ ತಳ್ಳುವ ಪುಟಾಣಿ ಲೋಹದ ರೈಲುಗಳನ್ನು ತಂದಿತು. ಮೂರು ವರ್ಷದ ನಂತರ ಅವಕ್ಕೆ ಮೋಟಾರೂ ಬಂತು. ಮೋಟಾರಿನಿಂದ ಚಕ್ರಕ್ಕೆ ಶಕ್ತಿ ಹೋಗುತ್ತಿದ್ದುದು ರಬ್ಬರ್ ಬ್ಯಾಂಡಿನಲ್ಲಿ! ಅದೇ ಹೊತ್ತಿಗೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅರ್ನಾಲ್ಡ್ ಕಂಪನಿ ಎರಡು ಹಳಿಗಳ ನಡುವೆ 9 ಮಿಲಿಮೀಟರ್ ಅಂತರವಿರುವ ರೈಲುಗಳನ್ನು ಮಾಡಿತು. ಇವತ್ತು ಎನ್ ಸ್ಕೇಲ್ ಎಂದು ಜಗತ್ತಿನಾದ್ಯಂತ ಕರೆಯುವುದು ಇದನ್ನೇ. ನಿಜವಾದ ಎಂಜಿನ್ನಿನ 160ನೇ ಒಂದು ಭಾಗದ ಅಳತೆ. 1972ರಲ್ಲಿ ಜರ್ಮನಿಯದ್ದೇ ಮಾರ್ಕ್ಲಿನ್ ಕಂಪನಿ ಇನ್ನೂ ಕೆಳಗಿಳಿದು 220ನೇ ಒಂದು ಭಾಗಕ್ಕೆ ಬಂತು, ಹಳಿಯ ಅಗಲ ಬರೀ ಆರೂವರೆ ಮಿಲಿಮೀಟರ್.

ಇಷ್ಟು ಚಿಕ್ಕ ಅಳತೆಗೆ ಡೀಸೆಲ್ ಎಂಜಿನ್ ಹೇಳಿಮಾಡಿಸಿದ ಹಾಗಿತ್ತು. ಉಗಿ ಎಂಜಿನ್ನಿಗೆ ಹೊರಗೆಲ್ಲ ಕಡ್ಡಿ, ಸರಳು, ಹಿಂದೊಂದು ಕಲ್ಲಿದ್ದಲ ಗಾಡಿ. ಮೋಟಾರನ್ನು ಆ ದುಂಡು ಬಾಯ್ಲರಿನೊಳಗೆ ತೂರಿಸುವುದೇ ದೊಡ್ಡ ಪಾಡು. ಡೀಸೆಲ್ ಹಾಗಲ್ಲ. ಉದ್ದನೆಯ ಪೆಟ್ಟಿಗೆ, ಕೆಳಗೆ ಚಕ್ರಗಳನ್ನು ಹಿಡಿದಿರುವ ಎರಡು ಚೌಕಟ್ಟು. ಮೋಟಾರನ್ನು ನಡುವೆ ಕೂರಿಸಿ ಎರಡೂ ಕಡೆಗೆ ದಂಡ ಬಿಟ್ಟರೆ ಎಲ್ಲ ಚಕ್ರಗಳೂ ಎಳೆಯುತ್ತವೆ, ಎಲ್ಲ ಚಕ್ರಗಳೂ ಹಳಿಯಿಂದ ಕರೆಂಟು ತೆಗೆದುಕೊಳ್ಳುತ್ತವೆ.

ನಮ್ಮ ಡೊಂಬಿವಲಿಯ ಗೆಳೆಯರೊಬ್ಬರ ಬಳಿ ಜಪಾನಿನ ಕಾಟೊ ಕಂಪನಿಯ ಒಂದು ಡೀಸೆಲ್ ಇದೆ. ಅದರ ಮೇಲಿನ ಪ್ಲಾಸ್ಟಿಕ್ ಕವಚ ಎತ್ತಿದರೆ ಒಳಗೆ ಒಂದೇ ಒಂದು ವಯರ್ ಕಾಣುವುದಿಲ್ಲ. ಚಾಸಿಯನ್ನೇ, ಅಂದರೆ ಅಡಿಯ ಚೌಕಟ್ಟನ್ನೇ, ಉದ್ದಕ್ಕೆ ಎರಡು ಲೋಹದ ಹೋಳು ಮಾಡಿದ್ದಾರೆ. ಬಲ ಹಳಿಯ ಕರೆಂಟು ಬಲದ ಹೋಳಿಗೆ, ಎಡದ್ದು ಎಡಕ್ಕೆ. ಎರಡೂ ಮುಟ್ಟದಂತೆ ನಡುವೆ ಪ್ಲಾಸ್ಟಿಕ್ ಬಿಲ್ಲೆಗಳು. ಮೋಟಾರಿನ ಎರಡೂ ಬದಿಗೆ ಹಿತ್ತಾಳೆಯ ಫ್ಲೈವೀಲ್, ಅಂದರೆ ಭಾರದ ಚಕ್ರ. ಹಳಿಯ ಮೇಲೆ ಧೂಳಿದ್ದು ಕ್ಷಣಕಾಲ ಕರೆಂಟು ತಪ್ಪಿದರೂ ಆ ಚಕ್ರಗಳ ತಿರುಗುವ ಬಲದಲ್ಲಿ ಎಂಜಿನ್ ಮುಗ್ಗರಿಸದೆ ಮುಂದೆ ಹೋಗುತ್ತದೆ. ನೋಡಿದರೆ ಎರಡು ಬೆರಳಿಗಿಂತ ದೊಡ್ಡದಲ್ಲ. ಒಳಗೆ ಇಷ್ಟೆಲ್ಲ ಯೋಚನೆ.

ಈ ಕಾಟೊ 1967ರಲ್ಲಿ ಅಮೆರಿಕದ ಮಾರುಕಟ್ಟೆಗೆಂದು ಒಂದು ಎನ್ ಸ್ಕೇಲ್ ಡೀಸೆಲ್ ಮಾಡಿತು. ಯಾವುದು ಗೊತ್ತಾ? ರೈಲು ಎಂಜಿನ್ ಕಟ್ಟುತ್ತಿದ್ದ ಅಮೆರಿಕದ ಆಲ್ಕೊ ಕಂಪನಿಯ ಪಿಎ-1. ಆಲ್ಕೊ ಅಂದರೆ ನಮಗೆ ಹೊರಗಿನವರಲ್ಲ. 1950ರ ದಶಕದ ಕೊನೆಗೆ ಭಾರತಕ್ಕೆ ಬಂದ ಡಬ್ಲ್ಯುಡಿಎಂ-1 ಎಂಬ ಡೀಸೆಲ್ ಎಂಜಿನ್ ಅವರದ್ದೇ. 1962ರಲ್ಲಿ ಬಂದ 2600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಕೂಡ ಅವರದ್ದೇ, 1964ರಿಂದ ಅದನ್ನು ವಾರಾಣಸಿಯ ಕಾರ್ಖಾನೆಯಲ್ಲೇ ಕಟ್ಟತೊಡಗಿದರು. ಅಮೆರಿಕದಲ್ಲಿ ಆಲ್ಕೊ 1969ರಲ್ಲಿ ಬಾಗಿಲು ಹಾಕಿತು. ಆದರೆ ಅದೇ ವಂಶದ ಎಂಜಿನ್‌ಗಳು ನಮ್ಮಲ್ಲಿ ಆಮೇಲೂ ದಶಕಗಟ್ಟಲೆ ತಯಾರಾದವು. ಡಬ್ಲ್ಯುಡಿಎಂ-2 ಒಂದೇ ಎರಡೂವರೆ ಸಾವಿರಕ್ಕಿಂತ ಹೆಚ್ಚು! ಹೀಗಿರುವಾಗ ಅಮೆರಿಕದ ಆಲ್ಕೊಗೆ 1967ರಲ್ಲೇ ಪುಟ್ಟ ಮಾದರಿ ಬಂತು, ಅದಕ್ಕಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಓಡಿದ ನಮ್ಮ ಆಲ್ಕೊವಿನ ಅಂಥ ಮಾದರಿ ನನಗಂತೂ ಅಂಗಡಿಯಲ್ಲಿ ಸಿಕ್ಕಿಲ್ಲ. ಇದು ಸರಿಯಾ?

ನಮ್ಮ ಹಳಿ ಅಗಲ, ಆದ್ದರಿಂದ ಮಾಡುವುದು ಕಷ್ಟ ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು 160ರಿಂದ ಭಾಗಿಸಿದರೆ ಹತ್ತೂವರೆ ಮಿಲಿಮೀಟರ್ ಬರುತ್ತದೆ, ಅಂಗಡಿಯಲ್ಲಿ ಸಿಗುವ ಹಳಿ 9. ಒಂದೂವರೆ ಮಿಲಿಮೀಟರ್ ಕಡಿಮೆ. ತಜ್ಞರ ಕಣ್ಣಿಗೆ ಅದು ಚುಚ್ಚಬಹುದು, ಆದರೆ ಅಷ್ಟಕ್ಕೇ ಕೈಬಿಡಬೇಕಾಗಿಲ್ಲ. ಬ್ರಿಟನ್ನಿನವರು ಇಂಥ ಹೊಂದಾಣಿಕೆಯಲ್ಲೇ ಇಷ್ಟು ವರ್ಷ ಸಂತೋಷವಾಗಿ ರೈಲು ಓಡಿಸಿದ್ದಾರೆ. ಇನ್ನು ಮೀಟರ್‌ಗೇಜ್ ವಿಷಯಕ್ಕೆ ಬಂದರೆ ನಮ್ಮ ಅದೃಷ್ಟವೇ ಬೇರೆ. ಒಂದು ಮೀಟರನ್ನು 160ರಿಂದ ಭಾಗಿಸಿ ನೋಡಿ, ಆರೂಕಾಲು ಮಿಲಿಮೀಟರ್. ಮಾರ್ಕ್ಲಿನ್‌ನ ಆರೂವರೆ ಮಿಲಿಮೀಟರ್ ಹಳಿ ಸಿದ್ಧವಾಗಿಯೇ ಇದೆ. ಅಂದರೆ ಮೀಟರ್‌ಗೇಜ್ ಕಾಲದ ವೈಡಿಎಂ-4 ಡೀಸೆಲ್ಲನ್ನು, ಅದೂ ಆಲ್ಕೊ ಕುಲದ್ದೇ, ಹೆಚ್ಚುಕಡಿಮೆ ತಪ್ಪಿಲ್ಲದೆ ಮಾಡಬಹುದು. ಲೋಂಡಾ, ಕ್ಯಾಸಲ್ ರಾಕ್ ಕಡೆಯ ಹಳಬರು ಕಣ್ಣರಳಿಸಿ ನೋಡುತ್ತಾರೆ.

ಉಳಿದಿರುವುದು ದುಡ್ಡಿನ ಪ್ರಶ್ನೆ. ಮಾದರಿಯಲ್ಲಿ ದೊಡ್ಡ ಖರ್ಚು ಅಚ್ಚಿನದ್ದು. ಅಚ್ಚು ಒಮ್ಮೆ ಆದರೆ ಬಣ್ಣ ಬದಲಿಸಿ ಬದಲಿಸಿ ಮಾರಬಹುದು. ಅಮೆರಿಕದ ಆಟಿಕೆ ರೈಲು ಕಂಪನಿ ಲಯನೆಲ್ 1948ರಲ್ಲಿ ಎಫ್-3 ಡೀಸೆಲ್ ಮಾಡಿದಾಗ ಅಚ್ಚಿನ ಖರ್ಚಿನಲ್ಲಿ ಸಾಂತಾ ಫೆ ಮತ್ತು ನ್ಯೂಯಾರ್ಕ್ ಸೆಂಟ್ರಲ್ ರೈಲು ಕಂಪನಿಗಳು ಪಾಲು ಕೊಟ್ಟವು, ನಿಜವಾದ ಎಂಜಿನ್ ಕಟ್ಟಿದ ಜನರಲ್ ಮೋಟರ್ಸ್ ಕೂಡ ಕೊಟ್ಟಿತು. ಅದು ದೊಡ್ಡ ಅಳತೆಯ ಮಾದರಿ, ನಿಜ. ಆದರೆ ಸಾಂತಾ ಫೆಯ ಕೆಂಪು-ಬೆಳ್ಳಿ ಬಣ್ಣ ಅಲ್ಲಿನ ಮನೆಮನೆಗೆ ಹೋದದ್ದು ಹಾಗೆ. ರೈಲು ಕಂಪನಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಇನ್ನೇನು ಬೇಕು?

ನಮ್ಮ ರೈಲ್ವೆಯೂ ಇದನ್ನು ಮಾಡಬಹುದಲ್ವಾ? ಅಚ್ಚಿಗೆ ಒಂದಿಷ್ಟು ಪಾಲು ಹಾಕಲಿ. ಅದಾಗದಿದ್ದರೆ ಹಳೆಯ ಎಂಜಿನ್‌ಗಳ ನಕ್ಷೆಗಳನ್ನೂ ಶೆಡ್ಡುಗಳ ಬಣ್ಣದ ವಿವರಗಳನ್ನೂ ಮಾದರಿ ತಯಾರಕರಿಗೆ ಮುಕ್ತವಾಗಿ ಕೊಡಲಿ. ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ರೈಲು ಮ್ಯೂಸಿಯಂಗಳಿವೆ, ಮಾರಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಜನ ಬರುವುದಿಲ್ಲ ಎನ್ನುವವರು ಪುಣೆಯ ಕೋಥ್ರೂಡ್‌ನಲ್ಲಿ 1998ರಿಂದ ನಡೆಯುತ್ತಿರುವ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂಗೆ ಒಮ್ಮೆ ಹೋಗಿ ಬರಲಿ. ಅಲ್ಲಿ ದೊಡ್ಡವರೇ ಮಕ್ಕಳಿಗಿಂತ ಮುಂದೆ ನಿಂತಿರುತ್ತಾರೆ.

ಹಳೆಯ ವಿದೇಶಿ ಮಾದರಿ ಕೊಳ್ಳುವ ಓದುಗರಿಗೂ ಒಂದು ಮಾತು. ಹಣ ಕೊಡುವ ಮೊದಲು ಎಂಜಿನ್ ಮಗುಚಿ ಚಾಸಿ ನೋಡಿ. ಸತುವಿನ ಎರಕದಲ್ಲಿ ಸೀಸ ಬೆರೆತಿದ್ದರೆ ವರ್ಷ ಕಳೆದಂತೆ ಲೋಹ ಉಬ್ಬಿ, ಕೂದಲೆಳೆಯ ಬಿರುಕು ಬಿಟ್ಟು ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ. ನಮ್ಮ ಮುಂಬಯಿಯ ತೇವದ ಹವೆಯಲ್ಲಂತೂ ಇನ್ನೂ ಬೇಗ.

ಯಾವ ಎಂಜಿನ್ ಮೊದಲು ಬರಬೇಕು ಎಂದು ಕೇಳಿದರೆ ಹುಬ್ಬಳ್ಳಿಯವರು ತಮ್ಮ ಶೆಡ್ಡಿನ ಡಬ್ಲ್ಯುಡಿಜಿ-4 ಅನ್ನುತ್ತಾರೆ, ಅದೂ ನ್ಯಾಯವೇ. ನಾನಂತೂ ಡಬ್ಲ್ಯುಡಿಎಂ-2 ಅನ್ನುತ್ತೇನೆ. ಅದರ ಬೆನ್ನಿಗೇ ಕಲ್ಯಾಣ್ ಶೆಡ್ಡಿನ ಡಬ್ಲ್ಯುಡಿಎಂ-3ಡಿ ಬರಲಿ. ಇವುಗಳ ಹಳೆಯ ಫೋಟೊ ಇರುವ ನಿವೃತ್ತ ರೈಲ್ವೆ ನೌಕರರು ನಮ್ಮ ಕನ್ನಡಿಗರಲ್ಲೇ ಬೇಕಾದಷ್ಟಿದ್ದಾರೆ. ದಯವಿಟ್ಟು ಅವನ್ನು ಎಸೆಯಬೇಡಿ. ಮಾದರಿಗೆ ಬಣ್ಣ ಹಚ್ಚುವವರಿಗೆ ನಾಳೆ ಅವೇ ಬೇಕಾಗುತ್ತವೆ.

ಇಂತಿ,
ಒಬ್ಬ ಓದುಗ, ಡೊಂಬಿವಲಿ ಪೂರ್ವ