ಮೊದಲು ಕಿಟಕಿಯ ಸಂದು ಮುಚ್ಚಿಸಿ

ಮಾನ್ಯ ಸಂಪಾದಕರೇ,

ಚಳಿ ಶುರುವಾದಾಗಿನಿಂದ ನಿಮ್ಮ ಪತ್ರಿಕೆಯಲ್ಲಿ ಸ್ವೆಟರ್, ಕಷಾಯ, ಬಿಸಿನೀರು ಅಂತ ಸಲಹೆಗಳು ಬರುತ್ತಿವೆ. ಎಲ್ಲವೂ ಬೇಕಾದವೇ. ಆದರೆ ಕಿಟಕಿಯ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಚಿತ್ರದುರ್ಗದಲ್ಲಿ ಮರಗೆಲಸ ಮಾಡುವವನು. ಕಿಟಕಿ ಬಾಗಿಲು ಮಾಡುವುದು, ಹಳೆಯದನ್ನು ರಿಪೇರಿ ಮಾಡುವುದು ನನ್ನ ಕಸುಬು. ಅದಕ್ಕೇ ಈ ಪತ್ರ.

ನಮ್ಮೂರಿನ ಗಾಳಿ ಎಂಥದ್ದು ಅಂತ ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಊರು ಸಮುದ್ರ ಮಟ್ಟದಿಂದ 700 ಮೀಟರ್‌ಗೂ ಮೇಲಿದೆ. ಡಿಸೆಂಬರ್, ಜನವರಿಯಲ್ಲಿ ಹಗಲು ಒಳ್ಳೇ ಬಿಸಿಲು. ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಕೆಲವು ರಾತ್ರಿ ಇನ್ನೂ ಕೆಳಗೆ. ನಮ್ಮ ಮನೆಗಳನ್ನು ಕಟ್ಟಿರುವುದು ಬೇಸಿಗೆಯ ಸೆಕೆ ನೆನೆಸಿಕೊಂಡು, ಗಾಳಿ ಆಡಲಿ ಅಂತ. ಚಳಿಗಾಲದಲ್ಲಿ ಅದೇ ಗಾಳಿ ಉಬ್ಬಸ ಇರುವವರನ್ನು, ಬಾಣಂತಿ, ಕೂಸುಗಳನ್ನು ರಾತ್ರಿಯಿಡೀ ಕಾಡುತ್ತದೆ.

ಹೋದ ವರ್ಷ ಕೋಟೆ ಕಡೆಯ ಒಂದು ಹಳೇ ಮನೆಗೆ ಕೆಲಸಕ್ಕೆ ಕರೆದಿದ್ದರು. ಅಜ್ಜಿಯ ಮಂಚ ಮೂಡಲ ಗೋಡೆಯ ಕಿಟಕಿಯ ಕೆಳಗೇ ಇತ್ತು. 'ಹೀಟರ್ ಹಾಕಿದ್ರೂ ಕಾಲು ಬೆಚ್ಚಗಾಗಲ್ಲಪ್ಪ' ಅಂದರು. ಫ್ಯಾನ್ ನಿಲ್ಲಿಸಿ, ಒಂದು ಊದುಬತ್ತಿ ಹಚ್ಚಿ ಕಿಟಕಿಯ ಅಂಚಿನಗುಂಟ ನಿಧಾನವಾಗಿ ಹಿಡಿದು ನೋಡಿದೆ. ಮೂರು ಕಡೆ ಹೊಗೆ ಒಳಕ್ಕೆ ಬಾಗಿತು. ಕಿಟಕಿ ಬಾಗಿಲುಗಳ ಸಂದಿಗಿಂತ ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕಿನಲ್ಲೇ ಜಾಸ್ತಿ ಗಾಳಿ ಬರುತ್ತಿತ್ತು. ಹಳೇ ಗಾರೆ ಉದುರಿಹೋಗಿತ್ತು. ಸಂಜೆಯೊಳಗೆ ಅದನ್ನು ಸಿಮೆಂಟಿನಿಂದ ಮುಚ್ಚಿ, ಬಾಗಿಲುಗಳು ಕೂರುವ ಜಾಗಕ್ಕೆ ಪಟ್ಟಿ ಅಂಟಿಸಿದೆ. ಆಮೇಲೆ ಅವರ ಮಗ ಫೋನ್ ಮಾಡಿ, 'ಹೀಟರ್ ಅಟ್ಟಕ್ಕೆ ಹಾಕಿದೀವಿ' ಅಂದರು. 2000 ವ್ಯಾಟ್‌ನ ಹೀಟರ್ ಅರ್ಧ ಗಂಟೆಗೆ 1 ಯೂನಿಟ್ ಕರೆಂಟ್ ತಿನ್ನುತ್ತದೆ. ಗಾಳಿ ನುಗ್ಗುವ ಕೋಣೆಯಲ್ಲಿ ಅದನ್ನು ಹಚ್ಚಿದರೆ ದುಡ್ಡು ಸುಮ್ನೆ ಹೊರಗೆ ಹೋದಂತೆ.

ಸಣ್ಣ ಸಂದು ಅಲ್ವಾ ಅಂತ ಜನ ಬಿಟ್ಟುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. 4 ಅಡಿ ಉದ್ದ, 4 ಅಡಿ ಅಗಲದ ಕಿಟಕಿಯ ಸುತ್ತ ಬರೀ 3 ಮಿಲಿಮೀಟರ್ ಸಂದು ಇದ್ದರೆ, ಒಟ್ಟು ಸೇರಿ ಗೋಡೆಯಲ್ಲಿ ಹೆಚ್ಚುಕಡಿಮೆ 5 ಇಂಚು ಉದ್ದ, 5 ಇಂಚು ಅಗಲದ ತೂತು ಕೊರೆದಷ್ಟಾಗುತ್ತದೆ. ಅಂಥ ತೂತನ್ನು ಯಾರಾದರೂ ಹಾಗೇ ಬಿಟ್ಟು ಮಲಗುತ್ತಾರಾ?

ಮರದ ಕಿಟಕಿ ಇರುವವರು ಒಂದು ಮಾತು ನೆನಪಿಡಬೇಕು. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬುತ್ತದೆ. ಆಗ ಬಾಗಿಲು ಬಿಗಿಯಾಯಿತು, ಮುಚ್ಚೋಕೆ ಬರಲ್ಲ ಅಂತ ನಮ್ಮನ್ನು ಕರೆದು ಕೀಸುಳಿ ಹೊಡೆಸುತ್ತಾರೆ. ಮಳೆ ನಿಂತು ಒಣಹವೆ ಬಂದಾಗ ಅದೇ ಮರ ಕುಗ್ಗುತ್ತದೆ. ಕೀಸಿದ ಜಾಗವೆಲ್ಲ ಸಂದು. ಆದ್ದರಿಂದ ಮಳೆಗಾಲದಲ್ಲಿ ತೀರಾ ಉಜ್ಜುವ ಕಡೆ ಮಾತ್ರ ಸ್ವಲ್ಪ ಕೀಸಲಿ, ಉಳಿದದ್ದನ್ನು ಮರ ಒಣಗಿದ ಮೇಲೆ ನೋಡಲಿ. ಅಂಚುಗಳಿಗೂ ಬಣ್ಣ ಹೊಡೆಸಿದರೆ ಮರ ಅಷ್ಟು ತೇವ ಕುಡಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಕಾಣುವ ಮುಖಕ್ಕೆ ಮಾತ್ರ ಬಣ್ಣ ಇರುತ್ತದೆ.

ಸಂದು ಮುಚ್ಚಲು ಹಾರ್ಡ್‌ವೇರ್ ಅಂಗಡಿಯಲ್ಲಿ ಹಿಂಬದಿ ಅಂಟು ಇರುವ ಫೋಮ್ ಟೇಪ್ ಸಿಗುತ್ತದೆ. ಧೂಳು ಒರೆಸಿ ಒಣಗಿಸಿ ಅಂಟಿಸಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ನನಗೆ ಅದಕ್ಕಿಂತ ಇಷ್ಟವಾದದ್ದು ಕಂಬಳಿ. ನಮ್ಮ ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ ಹರಿದು ಮೂಲೆ ಸೇರಿದ್ದರೆ ಬಿಸಾಡಬೇಡಿ. ಬೆರಳಗಲದ ಪಟ್ಟಿ ಕತ್ತರಿಸಿ, ಬಾಗಿಲು ಚೌಕಟ್ಟಿಗೆ ತಾಗುವ ಕಡೆ ಫೆವಿಕಾಲ್ ಹಚ್ಚಿ ಕೂರಿಸಿ. ಉಣ್ಣೆ ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ಮತ್ತೆ ಎದ್ದು ಸಂದು ತುಂಬುತ್ತದೆ. ಪಟ್ಟಿ ದಪ್ಪವಾದರೆ ಚಿಲಕ ಬೀಳುವುದಿಲ್ಲ, ಅಂಟಿಸುವ ಮೊದಲೇ ಬಾಗಿಲು ಹಾಕಿ ನೋಡಿ.

ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಲ್ಲಿ ಅಂಚಿಗೆ ಬ್ರಷ್ ಥರದ ಪಟ್ಟಿ ಇರುತ್ತದೆ. ಅದು ಸವೆದಿದ್ದರೆ ಹೊಸದು ಹಾಕಿಸಿದರಾಯಿತು, ಕಿಟಕಿ ಬದಲಿಸುವುದು ಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ಸಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರಿಗೆ ಗೊತ್ತೇ ಆಗದೆ ಪ್ರಾಣ ಹೋಗುತ್ತದೆ. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ವೆಂಟಿಲೇಟರ್ ಮತ್ತು ಅಡುಗೆಮನೆಯ ಗವಾಕ್ಷಿಯನ್ನು ಯಾವ ಕಾರಣಕ್ಕೂ ಮುಚ್ಚಿಸಬೇಡಿ. ಯಾರಾದರೂ ಕೇಳಿದರೂ ಆ ಕೆಲಸ ನಾನು ಮಾಡುವುದಿಲ್ಲ. ಮಲಗುವ ಕೋಣೆಯ ಕಿಟಕಿಯನ್ನೂ ಬಿಸಿಲು ಏರಿದ ಮೇಲೆ ತೆರೆದಿಡಿ, ಸಂಜೆ ಗೋಡೆ ಇನ್ನೂ ಬೆಚ್ಚಗಿರುವಾಗಲೇ ಮುಚ್ಚಿ. ಹಗಲು ಗೋಡೆ ಹೀರಿಕೊಂಡ ಕಾವು ರಾತ್ರಿ ಒಳಗೇ ಉಳಿಯುತ್ತದೆ.

ಮನೆ ಇರುವವರು ಹೇಗೋ ಮಾಡಿಕೊಳ್ಳುತ್ತಾರೆ. ನನ್ನ ಚಿಂತೆ ಹಾಸ್ಟೆಲ್ ಮಕ್ಕಳದು. ಕೆಲಸಕ್ಕೆ ಹೋದ ಕಡೆ ಒಡೆದ ಗಾಜಿನ ಜಾಗಕ್ಕೆ ರಟ್ಟು ಸಿಕ್ಕಿಸಿರುವುದನ್ನು, ಅದರ ಕೆಳಗೇ ಮಕ್ಕಳು ನೆಲದ ಮೇಲೆ ಹಾಸಿಕೊಂಡು ಮಲಗುವುದನ್ನು ನೋಡಿದ್ದೇನೆ. ಚಿತ್ರದುರ್ಗ ಇರಲಿ, ದಾವಣಗೆರೆ ಇರಲಿ, ಪ್ರತಿ ವರ್ಷ ದೀಪಾವಳಿಗೆ ಮುಂಚೆ ಹಾಸ್ಟೆಲ್ ಮತ್ತು ಅಂಗನವಾಡಿಗಳ ಕಿಟಕಿಗಳನ್ನು ಒಬ್ಬ ಬಡಗಿಯನ್ನು ಕರೆದುಕೊಂಡು ಹೋಗಿ ಪರೀಕ್ಷಿಸುವ ವ್ಯವಸ್ಥೆ ಆಗಬೇಕು. ಗಾಜು, ಚಿಲಕ, ಬಿಜಾಗರಿ, ಒಂದಷ್ಟು ಪಟ್ಟಿ. ಇದಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ. ಈ ವರ್ಷ ದೀಪಾವಳಿ ಕಳೆದಿದೆ ನಿಜ, ಆದರೆ ಚಳಿ ಬಿಡುವುದು ಶಿವರಾತ್ರಿಗೆ. ಒಡೆದ ಗಾಜುಗಳನ್ನಾದರೂ ಅಧಿಕಾರಿಗಳು ಈ ವಾರವೇ ಹಾಕಿಸಲಿ.

ಇಂತಿ,
ನಿಮ್ಮ ಓದುಗ, ಒಬ್ಬ ಬಡಗಿ
ಚಿತ್ರದುರ್ಗ