ಮಳೆ ಹಿಡಿಯುವ ಮೊದಲು ಶಾಲೆಗೆ ಫೈಬರ್ ಇಂಟರ್ನೆಟ್: ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ಮನವಿ

ಮಾನ್ಯರೇ,

ನಮ್ಮ ಪ್ರೌಢಶಾಲೆಯ ಪರಿಚಯವನ್ನು ತಮಗೆ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಗದ್ದೆ ತೋಟಗಳೆಲ್ಲ ಶರಾವತಿಯ ಪಾಲಾದ ಮೇಲೆ ಗುಡ್ಡ ಹತ್ತಿ ಬಂದು ನೆಲೆ ನಿಂತ ಹಿರಿಯರು ತಮ್ಮ ಮನೆಗೆ ಹೆಂಚು ಹೊದಿಸುವ ಮುಂಚೆ ಶಾಲೆಗೆ ಹೊದಿಸಿದರು. ನಾಡಿಗೆ ಬೆಳಕು ಕೊಟ್ಟ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಊರು ಬಿಟ್ಟುಕೊಟ್ಟವರ ಮಕ್ಕಳು ಬಹಳ ಕಾಲ ಓದಿದ್ದು ಚಿಮಣಿ ಬುಡ್ಡಿಯಲ್ಲಿ. ಆದರೂ ಆ ಹೆಂಚಿನಡಿ ಓದಿದವರು ವೈದ್ಯರಾದರು, ಎಂಜಿನಿಯರುಗಳಾದರು. ಬೆಂಗಳೂರಿನಲ್ಲಿ ಕುಳಿತು ಪರದೇಶದ ನೆಟ್‌ವರ್ಕ್ ನೋಡಿಕೊಳ್ಳುವವರೂ ನಮ್ಮಲ್ಲಿದ್ದಾರೆ. ಅವರ ಶಾಲೆಗೆ ಮಾತ್ರ ಇಂದಿಗೂ ಸರಿಯಾದ ಇಂಟರ್ನೆಟ್ ಇಲ್ಲ.

ಕಳೆದ ಹಿಂಗಾರಿನ ಸಿಡಿಲಿಗೆ ದೂರವಾಣಿ ತಂತಿ, ಮೋಡೆಮ್, ಕಚೇರಿಯ ಕಂಪ್ಯೂಟರ್ ಮೂರೂ ಒಟ್ಟಿಗೆ ಸುಟ್ಟವು. ಇದು ಮೊದಲ ಸಲವಲ್ಲ. ಆಮೇಲೆ ಬಂದದ್ದು ಎಸ್‌ಎಸ್‌ಎಲ್‌ಸಿ ನಾಮಿನಲ್ ರೋಲ್, ಅಂದರೆ ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತುಂಬುವ ಸಮಯ. ಮುಖ್ಯೋಪಾಧ್ಯಾಯರು ಮಕ್ಕಳ ಭಾವಚಿತ್ರ, ದಾಖಲೆಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಪೇಟೆಯ ಸೈಬರ್ ಅಂಗಡಿಗೆ ಹೋದರು. ಕೊನೆಯ ದಿನದ ದಟ್ಟಣೆಯಲ್ಲಿ ಪುಟ ತೆರೆಯದೆ, ಕೊನೆಯ ಬಸ್ಸೂ ತಪ್ಪಿ, ಕೆಲಸ ಮುಗಿಸಿ ಪರಿಚಯದವರ ಮನೆಯಲ್ಲಿ ಮಲಗಿ ಬೆಳಿಗ್ಗೆ ನೇರವಾಗಿ ತರಗತಿಗೇ ಬಂದರು. ಇಂಥ ಗುರುಗಳನ್ನು ಪಡೆದದ್ದು ನಮ್ಮ ಪುಣ್ಯ. ಪ್ರತಿ ವರ್ಷ ಅವರಿಂದ ಹೀಗೆ ಮಾಡಿಸುವುದು ಆಡಳಿತ ಮಂಡಳಿಗೆ ಶೋಭೆಯಲ್ಲ.

ಮಕ್ಕಳ ಪಾಡು ಇದಕ್ಕಿಂತ ಕಷ್ಟ. ಪಠ್ಯಪುಸ್ತಕದ ಪಾಠಗಳಲ್ಲಿ ಕ್ಯೂಆರ್ ಸಂಕೇತ ಅಚ್ಚಾಗಿದೆ. ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಜಾಲತಾಣವಾದ ದೀಕ್ಷಾದಲ್ಲಿ ವಿಡಿಯೊ ಪಾಠ ತೆರೆದುಕೊಳ್ಳಬೇಕು. ನಮ್ಮ ಮಕ್ಕಳು ಆ ಕಪ್ಪು ಚೌಕಕ್ಕೆ ಪೆನ್ಸಿಲ್ಲಿನಲ್ಲಿ ಕೈಕಾಲು ಬರೆದು ಗೊಂಬೆ ಮಾಡಿದ್ದಾರೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಯಲ್ಲಿ, ಕೊಡೆಯ ಕೆಳಗೆ, ಕಾಲಿಗೆ ಹತ್ತುವ ಇಂಬಳ ಕೀಳುತ್ತಾ ಪಾಠ ಕೇಳಿದವರ ತಮ್ಮ ತಂಗಿಯರು ಇವರು. ವಿದ್ಯಾರ್ಥಿವೇತನದ ಅರ್ಜಿ ಹಾಕಲು ತಂದೆಯೋ ತಾಯಿಯೋ ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗಬೇಕು. ಅಂದು ಸರ್ವರ್ ಕೈಕೊಟ್ಟರೆ ಮರುದಿನದ ಕೂಲಿಯೂ ಹೋಯಿತು.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಕೇಂದ್ರದ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ನಮ್ಮ ಪಂಚಾಯಿತಿ ಕಚೇರಿಯವರೆಗೆ ತಂತಿ ಬಂದಿದೆ. ಅಲ್ಲಿಂದ ಶಾಲೆಗೆ ಸುಮಾರು ಮೂರು ಕಿಲೋಮೀಟರ್. ಆ ಮೂರು ಕಿಲೋಮೀಟರ್ ಯಾರ ಯೋಜನೆಯಲ್ಲೂ ಇಲ್ಲ!

ಅಡಿಕೆ, ಏಲಕ್ಕಿ ಬಿಟ್ಟರೆ ಬೇರೇನೂ ತಿಳಿಯದ ನಾವು ಟ್ರಸ್ಟಿಗಳು ಈ ವಿಷಯವನ್ನು ಕೇಳಿ ಕೇಳಿ ಕಲಿತೆವು. ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಷ್ಟೂ ವೇಗ ಕುಸಿಯುತ್ತದೆ. ಫೈಬರ್‌ನಲ್ಲಿ ಹರಿಯುವುದು ಬೆಳಕು. ಮೂರು ಕಿಲೋಮೀಟರ್ ಅದಕ್ಕೆ ಲೆಕ್ಕವೇ ಅಲ್ಲ. ಪಂಚಾಯಿತಿಯಲ್ಲಿ ತಂತ್ರಜ್ಞರೊಬ್ಬರು ಜೋಡಣೆ ಮಾಡಿ ತೋರಿಸಿದರು. ಹೊದಿಕೆ ಸುಲಿದು ಒಳಗಿನ ಗಾಜಿನ ಎಳೆಯನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು ತುದಿಗಳನ್ನು ಪುಟ್ಟ ಯಂತ್ರದಲ್ಲಿ ಎದುರುಬದುರು ಇಟ್ಟರು. ಒಂದು ಕಿಡಿ ಹಾರಿ ಎರಡೂ ಬೆಸೆದುಕೊಂಡವು. ಎಳೆಯ ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ಒಂದು ಕೂದಲಿನಷ್ಟು. ಅವರೇ ಹೇಳಿದ ಇನ್ನೊಂದು ಮಾತು: ಆಸರೆಗೆ ಉಕ್ಕಿನ ತಂತಿಯಿರುವ ಅಗ್ಗದ ಕೇಬಲ್ ಬೇಡ, ಲೋಹವೇ ಇಲ್ಲದ್ದನ್ನು ತನ್ನಿ, ಇಲ್ಲದಿದ್ದರೆ ಸಿಡಿಲಿಗೆ ಮತ್ತೆ ದಾರಿ ಕೊಟ್ಟಂತೆ. ಹಾಗಾಗಿ ಖರ್ಚು ಸ್ವಲ್ಪ ಏರಿದೆ.

ಕೇಬಲ್, ಕಂಬ, ಜೋಡಣೆ, ಕೂಲಿ ಎಲ್ಲ ಸೇರಿ ಎರಡು ಲಕ್ಷದ ಆಸುಪಾಸು. ತರಗತಿಗಳಿಗೆ ವೈಫೈ, ಎರಡು ಕಂಪ್ಯೂಟರ್, ಕರೆಂಟ್ ಹೋದಾಗಲೂ ನಡೆಯುವಂತೆ ಬ್ಯಾಟರಿಗೆ ಇನ್ನೊಂದು ಲಕ್ಷವಾದರೂ ಬೇಕು. ತಿಂಗಳ ಬಾಡಿಗೆಯನ್ನು ಟ್ರಸ್ಟ್ ಹೇಗೋ ಹೊಂದಿಸುತ್ತದೆ. ಕಂಬಕ್ಕೆ ಮರ ಕೊಡುವುದಾಗಿ ಊರಿನ ಕೆಲವರು ಈಗಾಗಲೇ ಹೇಳಿದ್ದಾರೆ. ಗುಂಡಿ ತೋಡಲು ಶ್ರಮದಾನಕ್ಕೂ ಜನರಿದ್ದಾರೆ. ಹೆಂಚು ತೆಗೆದು ಶೀಟು ಹೊದಿಸಿದ ವರ್ಷ ತಾವೆಲ್ಲ ಊರಿಗೆ ಬಂದು ಹೇಗೆ ನಿಂತಿರೆಂಬುದನ್ನು ನಾವು ಮರೆತಿಲ್ಲ. ಅಂದು ಉಳಿದ ಹಣದಲ್ಲೇ ಯಕ್ಷಗಾನ ತಂಡಕ್ಕೆ ವೇಷಭೂಷಣ ಬಂತು; ಆ ಕಿರೀಟಗಳು ಈಗಲೂ ಹೊಸದರಂತಿವೆ, ಮಕ್ಕಳು ಈ ಸಲವೂ ತಾಲ್ಲೂಕಿನಲ್ಲಿ ಬಹುಮಾನ ತಂದರು.

ಜೂನ್ ಮಳೆ ಹಿಡಿದರೆ ನಮ್ಮ ಕಡೆ ಕಂಬದ ಗುಂಡಿ ತೋಡಲಾಗುವುದಿಲ್ಲ, ಮತ್ತೆ ಕಾಯಬೇಕಾದದ್ದು ದೀಪಾವಳಿಯವರೆಗೆ. ಅಷ್ಟರಲ್ಲಿ ಮುಂದಿನ ನಾಮಿನಲ್ ರೋಲ್ ಎದುರಿಗಿರುತ್ತದೆ. ಆದ್ದರಿಂದ ಮೇ 15ರೊಳಗೆ ತಮ್ಮ ದೇಣಿಗೆ ತಲುಪಿದರೆ ಉಪಕಾರ. ಖಾತೆಯ ವಿವರ ಹಳೆಯ ರಸೀದಿಯ ಹಿಂಬದಿಯಲ್ಲಿದೆ, ಬದಲಾಗಿಲ್ಲ. ನೆಟ್‌ವರ್ಕ್ ಕೆಲಸ ಬಲ್ಲ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ಎರಡು ದಿನ ಕೊಟ್ಟು ಒಳಗಿನ ವೈರಿಂಗ್ ನೋಡಿಕೊಟ್ಟರೆ ಅದನ್ನೂ ದೇಣಿಗೆಯೆಂದೇ ರಸೀದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಆಡಳಿತ ಮಂಡಳಿಯ ಸದಸ್ಯರು