ಮಾಡೆಲ್ ವಿಮಾನಕ್ಕೆ ಸ್ಕೇಲು ಹಿಡಿದು ನೋಡಿ

ಗೆಳೆಯರೇ, ಡೈಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಮಾಡೆಲ್) ವಿಮಾನದ ಫೋಟೋಗೆ ಸುಮ್ನೆ ‘ಸೂಪರ್’ ಅಂತ ಬರೆಯಬೇಡಿ, ಅಳತೆಯನ್ನೂ ಹಾಕಿ. ನಿನ್ನೆ ನನಗೆ ಏರ್ ಇಂಡಿಯಾದ ಬೋಯಿಂಗ್ 747-400 ಬಂತು, 1:400 ಅಳತೆಯದು, ಅಂದರೆ ನಿಜವಾದ ವಿಮಾನದ ನಾನೂರರಲ್ಲಿ ಒಂದು ಪಾಲು. ನಿಜವಾದ ವಿಮಾನದ ಉದ್ದ ಸುಮಾರು 70.6 ಮೀಟರ್, ಅಂದರೆ ಇದು ಹದಿನೇಳೂವರೆ ಸೆಂಟಿಮೀಟರಿಗಿಂತ ಚೂರು ಜಾಸ್ತಿ ಇರಬೇಕು, ಸ್ಕೇಲು ಇಟ್ಟು ನೋಡಿದೆ, ಸರಿಯಾಗಿದೆ. ರೆಕ್ಕೆ ತುದಿಯಲ್ಲಿ ಮೇಲಕ್ಕೆ ಬಾಗಿದ ಪುಟ್ಟ ರೆಕ್ಕೆ, ಅಂದರೆ ವಿಂಗ್‌ಲೆಟ್ ಇದೆ. ಚಕ್ರಗಳೂ ಸರಿ, ಮೂಗಿನ ಕೆಳಗೆ 2, ಹೊಟ್ಟೆ ಕೆಳಗೆ 16. ಆದರೆ ಕಿಟಕಿಗಳ ಸುತ್ತಲಿನ ಕೆಂಪು ಜರೋಖಾ (ಅರಮನೆ ಕಿಟಕಿಯಂಥ) ಕಮಾನು ಇದೆಯಲ್ಲ, ಭೂತಗನ್ನಡಿ ಹಿಡಿದು ನೋಡಿದರೆ ಮುಂದಿನ ಬಾಗಿಲ ಹತ್ತಿರ ಕಿಟಕಿಯಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ. ಆ ವಿಮಾನದ ಚೆಂದವೆಲ್ಲ ಆ ಕಮಾನಿನಲ್ಲೇ ಅಲ್ವಾ? ತುಂಬಾ ಬೇಜಾರಾಯಿತು. ಇದೇ ಮಾಡೆಲ್ ಇರುವವರು ಆ ಜಾಗದ ಫೋಟೋ ಹಾಕಿ, ಫ್ಲ್ಯಾಶ್ ಬೇಡ, ಬೆಳಗಿನ ಬೆಳಕಲ್ಲಿ.